ಓದುಗರ ಪ್ರಶ್ನೆ, ನಮ್ಮ ಉತ್ತರ: ಮಗಳಿಗೆ ಟ್ಯಾಬೋ, ಲ್ಯಾಪ್‌ಟಾಪೋ?

ಪ್ರಶ್ನೆ: ಮಾನ್ಯರೆ, ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಹಳ್ಳಿ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯಲ್ಲಿದ್ದಾಳೆ, ಮಗ ನಾಲ್ಕನೇ ತರಗತಿ. ತೊಗರಿ ರಾಶಿ ಮುಗಿದು ಕೈಗೆ ಬಂದ ಹಣದಲ್ಲಿ 35 ಸಾವಿರ ರೂಪಾಯಿಯನ್ನು ಮಕ್ಕಳ ಓದಿಗೆಂದು ತೆಗೆದಿರಿಸಿದ್ದೇವೆ. ಬೆಂಗಳೂರಿನಲ್ಲಿರುವ ಮಕ್ಕಳ ಕಾಕಾ, ಟ್ಯಾಬ್ ಕೊಂಡರೆ ಇಬ್ಬರಿಗೂ ಆಗುತ್ತದೆ ಎನ್ನುತ್ತಾರೆ. ಅಂಗಡಿಯವರು, ಟ್ಯಾಬಿಗೆ ಕೀಬೋರ್ಡ್ ಜೋಡಿಸಿದರೆ ಅದೇ ಲ್ಯಾಪ್‌ಟಾಪ್ ಎಂದರು. ಮಗಳು ಮಾತ್ರ ಲ್ಯಾಪ್‌ಟಾಪೇ ಬೇಕೆಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ವೈಫೈ ಇಲ್ಲ, ಯಜಮಾನರ ಮೊಬೈಲಿನ ಹಾಟ್‌ಸ್ಪಾಟೇ ಆಧಾರ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಿಮಗೂ ಗೊತ್ತಿರುವ ಸಂಗತಿ. ಏನು ಕೊಳ್ಳುವುದು ಸರಿ? (ಒಬ್ಬ ತಾಯಿ, ಸೇಡಂ ತಾಲ್ಲೂಕು)

ಉತ್ತರ: ಈ ವಿಷಯದಲ್ಲಿ ನಿಮ್ಮ ಮಗಳ ಮಾತೇ ಸರಿ, ಲ್ಯಾಪ್‌ಟಾಪ್ ಕೊಳ್ಳಿ. ಹಾಗೆಂದು ಟ್ಯಾಬ್ ಕೀಳು ವಸ್ತುವೇನಲ್ಲ. ಪುಸ್ತಕ ಓದುವುದಕ್ಕೆ, ಪಾಠದ ವಿಡಿಯೋ ನೋಡುವುದಕ್ಕೆ ಅದು ಲ್ಯಾಪ್‌ಟಾಪಿಗಿಂತ ಅನುಕೂಲಕರವಾದದ್ದು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದಾದ ಪಠ್ಯಪುಸ್ತಕದ ಪಿಡಿಎಫ್‌ನ ಒಂದು ಪುಟ ಟ್ಯಾಬಿನಲ್ಲಿ ಪೂರ್ತಿಯಾಗಿ ಕಾಣುತ್ತದೆ, ಲ್ಯಾಪ್‌ಟಾಪಿನ ಅಡ್ಡ ಪರದೆಯಲ್ಲಿ ಅರ್ಧ ಪುಟ ಕಂಡು ಉಳಿದರ್ಧಕ್ಕೆ ಕೆಳಗೆ ಸರಿಸಬೇಕಾಗುತ್ತದೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡ್ ಹಿಡಿದು ದೀಕ್ಷಾ ಆ್ಯಪ್‌ನ ಪಾಠ ತೆರೆಯುವುದೂ ಕ್ಯಾಮೆರಾ ಇರುವ ಟ್ಯಾಬಿನಲ್ಲಿ ಸುಲಭ. ಆದರೆ ಈ ಎರಡು ಕೆಲಸಗಳನ್ನೂ ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಮೊಬೈಲ್ ಹೇಗೋ ನಿಭಾಯಿಸುತ್ತಿದೆ. ಟ್ಯಾಬ್ ಕೊಂಡರೆ ಅದೇ ಮೊಬೈಲಿನ ಇನ್ನೂ ದೊಡ್ಡ ರೂಪವನ್ನು ಕೊಂಡಂತಾಗುತ್ತದೆಯೇ ಹೊರತು, ಮೊಬೈಲಿನಿಂದ ಆಗದ ಕೆಲಸ ಹಾಗೆಯೇ ಉಳಿಯುತ್ತದೆ.

ಆ ಆಗದ ಕೆಲಸ ಬರವಣಿಗೆ. ಪ್ರೌಢಶಾಲೆಗೆ ಬಂದ ಮಗು ನೋಡುವುದರಿಂದ ಮಾಡುವುದರ ಕಡೆಗೆ ಹೊರಳುತ್ತದೆ: ವಿಜ್ಞಾನದ ಪ್ರಾಜೆಕ್ಟಿನ ವರದಿ ಬರೆಯಬೇಕು, ಅಂಕಿಗಳ ಕೋಷ್ಟಕ ಮಾಡಿ ಅದರಿಂದ ನಕ್ಷೆ ಎಳೆಯಬೇಕು, ಒಂದು ಕಡೆ ಪಾಠವನ್ನು ತೆರೆದಿಟ್ಟುಕೊಂಡು ಇನ್ನೊಂದು ಕಡೆ ಟಿಪ್ಪಣಿ ಬರೆಯಬೇಕು, ಬರೆದದ್ದನ್ನು ಹೆಸರಿಟ್ಟು ಫೋಲ್ಡರಿನಲ್ಲಿ ಉಳಿಸಿ ತಿಂಗಳ ನಂತರವೂ ಹುಡುಕಿ ತೆಗೆಯಬೇಕು. ಅಂಗಡಿಯವರು ಹೇಳಿದಂತೆ ಟ್ಯಾಬಿಗೆ ಕೀಬೋರ್ಡ್ ಜೋಡಿಸಿದಾಗ ಅಕ್ಷರ ಕೂಡಿಸುವುದು ಸುಲಭವಾಗುತ್ತದೆ ನಿಜ, ಆದರೆ ಒಳಗಿರುವ ಆ್ಯಪ್‌ಗಳು ಮೊಬೈಲಿನವೇ ಆಗಿರುವುದರಿಂದ ಅವುಗಳಲ್ಲಿ ಎಷ್ಟೋ ಸೌಲಭ್ಯಗಳು ಕತ್ತರಿಸಿಹೋಗಿರುತ್ತವೆ. ಜೊತೆಗೆ ಒಳ್ಳೆಯ ಕೀಬೋರ್ಡ್, ಕವರ್, ಪೆನ್ನು ಎಂದು ಲೆಕ್ಕ ಹಾಕುತ್ತ ಹೋದರೆ ಟ್ಯಾಬಿನ ಬೆಲೆ ಲ್ಯಾಪ್‌ಟಾಪಿನ ಹತ್ತಿರವೇ ಬಂದು ನಿಲ್ಲುತ್ತದೆ. ಅಂಗಡಿಯವರು ಈ ಕೂಡಿಕೆಯ ಲೆಕ್ಕವನ್ನು ತಾವಾಗಿ ಹೇಳುವುದು ಕಡಿಮೆ.

ಕನ್ನಡ ಮಾಧ್ಯಮದ ವಿದ್ಯಾರ್ಥಿನಿಗೆ ಇನ್ನೊಂದು ಕಾರಣವೂ ಇದೆ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಕನ್ನಡ ಕೂಡಿಸುವ ಮಕ್ಕಳು ಬೇಕಾದಷ್ಟಿದ್ದಾರೆ, ಹತ್ತು ಬೆರಳಿನಿಂದ ಕೂಡಿಸಬಲ್ಲವರು ಅಪರೂಪ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವ ಕೀಲಿಮಣೆಯು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು, ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವುದೂ ಅದೇ. ಅದರಲ್ಲಿ ಕೆ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ಕಾಗುಣಿತ ಚೆನ್ನಾಗಿ ಬರುವ ಮಗುವಿಗೆ ಇದು ಬಹು ಬೇಗ ಕೈಗೆ ಹತ್ತುತ್ತದೆ. ಹೊಸ ವಿಂಡೋಸ್‌ನಲ್ಲಿ ಉಚ್ಚಾರಣೆಯಂತೆ ಕೂಡಿಸುವ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆಯನ್ನು ಸೇರಿಸಿಕೊಂಡರಾಯಿತು. ಯಾವುದನ್ನು ಕಲಿತರೂ ಯೂನಿಕೋಡ್‌ನಲ್ಲಿಯೇ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿಯೇ, ಬರೆಯುವ ರೂಢಿ ಮಾಡಿಸಿ. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿಗೆ ಹೋದೊಡನೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದುಂಟು.

ಇನ್ನು ಯಾವ ಲ್ಯಾಪ್‌ಟಾಪ್ ಎಂಬುದು. ನಿಮ್ಮ ಮೊತ್ತದಲ್ಲಿ ಕಂಪನಿಯ ಹೆಸರಿಗಿಂತ ಎರಡು ಅಂಕಿಗಳನ್ನು ಗಟ್ಟಿಯಾಗಿ ಹಿಡಿಯಿರಿ: 8 ಜಿಬಿ ರ‍್ಯಾಮ್ ಮತ್ತು 256 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಎಸ್‌ಎಸ್‌ಡಿ. ಮೊದಲನೆಯದು ಕೆಲಸ ನಡೆಯುವಾಗ ಯಂತ್ರ ಬಳಸುವ ತಾತ್ಕಾಲಿಕ ಸ್ಮರಣೆ, ಎರಡನೆಯದು ಕಡತಗಳು ಉಳಿಯುವ ವೇಗದ ಸಂಗ್ರಹ. ತೀರ ಅಗ್ಗದ ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಮಾತ್ರ ಇರುತ್ತದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಅಗತ್ಯವೇ ಅಷ್ಟಾಗಿರುವುದರಿಂದ, ಅಂಥ ಯಂತ್ರ ಮೊದಲ ದಿನದಿಂದಲೇ ತೆವಳತೊಡಗುತ್ತದೆ ಮತ್ತು ಒಂದೆರಡು ಅಪ್‌ಡೇಟ್ ಆಗುವಷ್ಟರಲ್ಲಿ ಜಾಗವಿಲ್ಲವೆಂದು ಮೊರೆಯಿಡುತ್ತದೆ. ಅದಕ್ಕಿಂತ ಖಾತರಿಯಿರುವ ಒಳ್ಳೆಯ ರೀಫರ್ಬಿಶ್ಡ್ ಲ್ಯಾಪ್‌ಟಾಪ್, ಅಂದರೆ ಕಚೇರಿಗಳಲ್ಲಿ ಬಳಸಿ ಬಿಟ್ಟ ಮೇಲೆ ದುರಸ್ತಿ ಮಾಡಿ ಮಾರುವಂಥದು, ಮೇಲು ಎಂಬುದು ನನ್ನ ಅಭಿಪ್ರಾಯ. ಅದನ್ನು ಕೊಳ್ಳುವಾಗ ಒಂದು ಎಚ್ಚರ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ ಕೊಡುವುದು, ಮುಗಿದಿದೆ. ಇಂಟೆಲ್ ಕಂಪನಿಯ 8ನೇ ತಲೆಮಾರಿಗಿಂತ ಹಳೆಯದಾದ ಪ್ರೊಸೆಸರ್‌ಗಳಲ್ಲಿ (ಯಂತ್ರದ ಮಿದುಳಿನಂಥ ಚಿಪ್) ಬಹುತೇಕ ಯಾವುದಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಆದ್ದರಿಂದ ಹತ್ತು ಸಾವಿರಕ್ಕೆ ಕೊಡುತ್ತೇವೆಂದು ಯಾರಾದರೂ 5ನೇ, 6ನೇ ತಲೆಮಾರಿನದನ್ನು ಮುಂದಿಟ್ಟರೆ ಬೇಡವೆನ್ನಿ. ಬ್ಯಾಟರಿ ವರದಿಯನ್ನು ತೆಗೆಸಿ ನೋಡಿ: ಹೊಸದಿದ್ದಾಗ ಎಷ್ಟು ಸಾಮರ್ಥ್ಯವಿತ್ತು, ಈಗ ಪೂರ್ತಿ ಚಾರ್ಜ್ ಆದರೆ ಎಷ್ಟು ಎಂಬ ಎರಡೂ ಸಂಖ್ಯೆಗಳು ಅದರಲ್ಲಿ ಇರುತ್ತವೆ. ಕೀಬೋರ್ಡಿನ ಪ್ರತಿಯೊಂದು ಕೀಲಿಯನ್ನೂ ಮಗಳ ಕೈಯಿಂದಲೇ ಒತ್ತಿಸಿ ನೋಡಿಸಿ. ಹೊಸದಾಗಲಿ ಹಳೆಯದಾಗಲಿ, ಕಲಬುರಗಿ ನಗರದ ಅಂಗಡಿಯಲ್ಲಿ ಬಿಲ್ ಸಹಿತ ಕೊಂಡರೆ ಕೆಟ್ಟಾಗ ಬಸ್ಸು ಹತ್ತಿ ಹೋಗಿ ಕೇಳಬಹುದು. ಆನ್‌ಲೈನಿನಲ್ಲಿ ನಾಲ್ಕು ಕಾಸು ಉಳಿಸಿ ಆಮೇಲೆ ಪಾರ್ಸಲ್ ಕಟ್ಟಿ ಕಳಿಸುವ ಪಾಡು ಹಳ್ಳಿಯವರಿಗೆ ಬೇಡ. ಬರವಣಿಗೆಗೆ, ಲೆಕ್ಕದ ಹಾಳೆಗೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುವುದರಿಂದ ಆ ಬಾಬತ್ತಿಗೆ ಬೇರೆ ಹಣ ತೆಗೆದಿರಿಸಬೇಕಿಲ್ಲ.

ಕರೆಂಟಿನ ವಿಷಯದಲ್ಲಿ ಟ್ಯಾಬ್ ಮುಂದಿದೆ ಎಂಬುದನ್ನು ಒಪ್ಪಬೇಕು. ಅದು ಒಂದು ಚಾರ್ಜಿಗೆ ಲ್ಯಾಪ್‌ಟಾಪಿಗಿಂತ ಹೆಚ್ಚು ಹೊತ್ತು ಬರುತ್ತದೆ, ಸಣ್ಣ ಪವರ್‌ಬ್ಯಾಂಕಿನಿಂದಲೂ ಚಾರ್ಜ್ ಆಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನ ಚಾರ್ಜರು 45ರಿಂದ 65 ವಾಟ್‌ನದಾಗಿರುವುದರಿಂದ ಅದಕ್ಕೆ ಗೋಡೆಯ ಪ್ಲಗ್ ಅಥವಾ ಇನ್ವರ್ಟರ್ ಬೇಕು. ಆದರೂ ಸುಸ್ಥಿತಿಯ ಬ್ಯಾಟರಿ ಮೂರು ನಾಲ್ಕು ತಾಸು ಓದು ಬರಹಕ್ಕೆ ಸಾಲುವುದರಿಂದ, ಕರೆಂಟ್ ಇರುವಾಗ ಚಾರ್ಜ್ ಮಾಡಿಟ್ಟುಕೊಂಡರೆ ಸಂಜೆಯ ಓದು ನಿಲ್ಲುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಅರ್ತಿಂಗ್. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಚಾರ್ಜ್ ಆಗುವ ಹೊತ್ತಿನಲ್ಲಿ ಕೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಜನ ಬರೆಯುತ್ತಾರೆ. ಬಹಳಷ್ಟು ಸಲ ಅದಕ್ಕೆ ಕಾರಣ ಗೋಡೆಯ ಪ್ಲಗ್ಗಿಗೆ ಅರ್ತ್ ತಂತಿಯೇ ಇಲ್ಲದಿರುವುದು, ಅಥವಾ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿರುವುದು. ಕೊಳ್ಳುವ ಮೊದಲೇ ಊರಿನ ವೈರಿಂಗ್ ಮಾಡುವವರನ್ನು ಕರೆಸಿ ಒಂದು ಪ್ಲಗ್ಗನ್ನಾದರೂ ಸರಿಪಡಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಬಿಸಿಲು ಲಿಥಿಯಂ ಬ್ಯಾಟರಿಗೆ ಹಿತವಲ್ಲ. ಪತ್ರಾಸಿನ ಚಾವಣಿಯ ಕೋಣೆಯಲ್ಲಿ ನಡು ಮಧ್ಯಾಹ್ನ ಚಾರ್ಜಿಗೆ ಹಾಕಬೇಡಿ. ಹಾಸಿಗೆ, ಕೌದಿಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಯಂತ್ರ ಇನ್ನಷ್ಟು ಕಾಯುತ್ತದೆ. ಗಟ್ಟಿಯಾದ ಮೇಜಿನ ಮೇಲಿಡಿ. ಮೇಜಿಲ್ಲದಿದ್ದರೆ ಗುಡಿಸಿ ಒರೆಸಿದ ಶಹಾಬಾದ್ ಕಲ್ಲಿನ ನೆಲ ಕೌದಿಗಿಂತ ಎಷ್ಟೋ ವಾಸಿ.

ಹಾಟ್‌ಸ್ಪಾಟ್ ಬಳಸುವವರು ಮೊದಲ ದಿನವೇ ಮಾಡಬೇಕಾದ ಕೆಲಸವೊಂದಿದೆ. ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ (ಡೇಟಾಕ್ಕೆ ಮಿತಿಯಿರುವ ಸಂಪರ್ಕ) ಎಂದು ಗುರುತಿಸದಿದ್ದರೆ, ವಿಂಡೋಸ್ ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಸಿಕೊಳ್ಳುತ್ತ ನಿಮ್ಮ ಯಜಮಾನರ ದಿನದ ಡೇಟಾವನ್ನೆಲ್ಲ ಮುಗಿಸಿಬಿಡುತ್ತದೆ. ಹಾಗೆಂದು ಅಪ್‌ಡೇಟ್‌ಗಳನ್ನು ಪೂರ್ತಿ ನಿಲ್ಲಿಸುವಂತಿಲ್ಲ; ವೈಫೈ ಇರುವ ನೆಂಟರ ಮನೆಗೆ ಹೋದಾಗ ಮಾಡಿಸಿಕೊಳ್ಳಿ.

ನಾಲ್ಕನೇ ತರಗತಿಯ ಮಗನಿಗೆಂದು ಬೇರೆಯದನ್ನು ಕೊಳ್ಳುವ ಅಗತ್ಯವಿಲ್ಲ. ಎಂಟು ವರ್ಷ ದಾಟಿದ ಮಕ್ಕಳಿಗೆಂದೇ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶವನ್ನು ಅಕ್ಕನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಡಿ. ಬಣ್ಣದ ತುಂಡುಗಳನ್ನು ಜೋಡಿಸಿ ತಾನೇ ಆಟ, ಕಥೆ ಕಟ್ಟುವ ಈ ಸಾಧನ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಯಂತ್ರದ ಹಕ್ಕು ಅಕ್ಕನದೆಂದು ಮೊದಲೇ ಹೇಳಿಬಿಡಿ. ಇಬ್ಬರಿಗೂ ಸಮವೆಂದು ಹಂಚಿದರೆ ತಮ್ಮನ ಆಟ ಮುಗಿಯುವವರೆಗೆ ಅಕ್ಕನ ಪ್ರಾಜೆಕ್ಟ್ ಕಾಯುತ್ತ ಕೂರುತ್ತದೆ, ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ಹೀಗಾಗುವುದು ಹೊಸತೇನಲ್ಲ.

ಪ್ರಶ್ನೆ: ಮಗ ಪಿಯುಸಿ ಮೊದಲ ವರ್ಷ, ವಿಜ್ಞಾನ. ಜೆಇಇ ತಯಾರಿಗೆಂದು ಕಳೆದ ವರ್ಷವೇ ಟ್ಯಾಬ್ ಕೊಡಿಸಿದ್ದೇನೆ. ಪರೀಕ್ಷೆ ಕಂಪ್ಯೂಟರಿನಲ್ಲಿಯೇ ನಡೆಯುವುದರಿಂದ ಈಗ ಲ್ಯಾಪ್‌ಟಾಪ್ ಬೇಕೇ ಬೇಕು ಎನ್ನುತ್ತಿದ್ದಾನೆ. ಸಾಲ ಮಾಡಿಯಾದರೂ ಕೊಡಿಸಲೇ? (ಒಬ್ಬ ತಂದೆ, ಭಾಲ್ಕಿ, ಬೀದರ್ ಜಿಲ್ಲೆ)

ಉತ್ತರ: ಸಾಲ ಮಾಡಬೇಡಿ. ಜೆಇಇ ಮೇನ್ ಕಂಪ್ಯೂಟರ್ ಆಧಾರಿತ ಪರೀಕ್ಷೆ ಎಂಬುದು ನಿಜ, ಆದರೆ ಅಲ್ಲಿ ಕೀಬೋರ್ಡ್ ಬಳಸುವಂತೆಯೇ ಇಲ್ಲ. ಉತ್ತರ ಆರಿಸುವುದು ಮೌಸಿನಿಂದ, ಸಂಖ್ಯೆಯ ಉತ್ತರಗಳನ್ನು ತುಂಬುವುದೂ ಪರದೆಯ ಮೇಲೆ ಕಾಣುವ ಅಂಕಿಗಳನ್ನು ಮೌಸಿನಿಂದ ಒತ್ತಿಯೇ. ಲೆಕ್ಕ ಮಾಡುವುದು ಕಾಗದದ ಮೇಲೆ. ಹಾಗಾಗಿ ಮಗನಿಗೆ ಬೇಕಾದದ್ದು ಮೂರು ತಾಸು ಮಾನಿಟರಿನ ಮುಂದೆ ಕೂತು, ಪರದೆಯಲ್ಲಿ ಪ್ರಶ್ನೆ ಓದಿ, ಹಾಳೆಯಲ್ಲಿ ಬಿಡಿಸುವ ರೂಢಿ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ಉಚಿತವಾಗಿ ಕೊಡುವ ಅಣಕು ಪರೀಕ್ಷೆಗಳನ್ನು ಪರೀಕ್ಷೆ ಹತ್ತಿರವಾದಾಗ ಕಾಲೇಜಿನ ಲ್ಯಾಬಿನಲ್ಲಿಯೋ ಊರಿನ ಇಂಟರ್‌ನೆಟ್ ಕೇಂದ್ರದಲ್ಲಿಯೋ ಕೆಲವು ಸಲ ಬರೆದರೆ ಆ ರೂಢಿ ಆಗುತ್ತದೆ. ಸಿಇಟಿಯನ್ನು ಹೇಗೂ ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದಲೇ ಬರೆಯುತ್ತಾರೆ.

ಲ್ಯಾಪ್‌ಟಾಪಿನ ಹಣವನ್ನು ಇಂಜಿನಿಯರಿಂಗ್ ಸೀಟು ಸಿಕ್ಕ ಮೇಲೆ ಖರ್ಚು ಮಾಡಿ. ಯಾವ ಶಾಖೆ ಎಂಬುದರ ಮೇಲೆ ಯಾವ ಯಂತ್ರ ಎಂಬುದು ನಿಂತಿರುತ್ತದೆ. ಮೆಕ್ಯಾನಿಕಲ್ ಓದುವವರು ಬಳಸುವ ಸಾಲಿಡ್‌ವರ್ಕ್ಸ್‌ನಂಥ ವಿನ್ಯಾಸ ತಂತ್ರಾಂಶಕ್ಕೆ ವಿಂಡೋಸ್ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ಪ್ರೋಗ್ರಾಮಿಂಗ್ ಕಲಿಯುವವರಿಗೆ ಆ ಕಾರ್ಡಿನ ಖರ್ಚು ಸಾಮಾನ್ಯವಾಗಿ ದಂಡ. ಈಗ ಕೊಂಡರೆ ಎರಡು ವರ್ಷ ಹಳತಾದ ಯಂತ್ರವನ್ನು ಹೊತ್ತು ಮಗ ಕಾಲೇಜು ಸೇರುತ್ತಾನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮೂರು ವರ್ಷದ ಮೊಮ್ಮಗಳು ಮೊಬೈಲ್ ಇಲ್ಲದೆ ಊಟ ಮಾಡುವುದಿಲ್ಲ. ಮೊಬೈಲಿನ ಬದಲು ಮಕ್ಕಳ ಟ್ಯಾಬ್ ತರಿಸುತ್ತೇನೆ, ಅದರಲ್ಲಿ ಅಕ್ಷರವನ್ನಾದರೂ ಕಲಿಯುತ್ತಾಳೆ ಎಂದು ಮಗ ಹೇಳುತ್ತಾನೆ. ನಿಮ್ಮ ಸಲಹೆ ಏನು? (ಒಬ್ಬ ಅಜ್ಜ, ಯಾದಗಿರಿ)

ಉತ್ತರ: ಬೇಡವೆಂದು ಮಗನಿಗೆ ತಿಳಿಸಿ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಈ ವಯಸ್ಸಿನ ಮಗು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಟ್ಯಾಬಿನ ಮೇಲೆ ‘ಮಕ್ಕಳ’ ಎಂದು ಬರೆದ ಮಾತ್ರಕ್ಕೆ ಆ ಲೆಕ್ಕ ಬದಲಾಗುವುದಿಲ್ಲ. ಊಟದ ಹೊತ್ತಿಗೆ ಮೊದಲು ಮನೆಯ ದೊಡ್ಡವರೆಲ್ಲ ತಮ್ಮ ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಡಲಿ. ನಾಲ್ಕೆಂಟು ದಿನ ಮಗು ರಂಪ ಮಾಡೀತು, ಒಂದೆರಡು ತುತ್ತು ಕಡಿಮೆಯೂ ತಿಂದೀತು, ಅದಕ್ಕೆ ಹೆದರಿ ಮತ್ತೆ ಕೈಗೆ ಕೊಡಬೇಡಿ. ಅಕ್ಷರಕ್ಕೆ ಪಾಟಿ ಬಳಪ ಸಾಕು, ಕಲಿಸುವವರು ನೀವು ಮನೆಯಲ್ಲೇ ಇದ್ದೀರಿ.