ಅಕ್ಟೋಬರ್‌ನಲ್ಲಿ ಕಾಸರಗೋಡಿನಲ್ಲಿ ಹಕ್ಕಿ ನೋಡಲು ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು?

ಒಂದೇ ಒಂದು ಬೆಳಗ್ಗೆ ಬಿಡುವಿದೆ, ದೊಡ್ಡ ಕ್ಯಾಮೆರಾ ಇಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಕುಂಬಳೆಗೆ ಬನ್ನಿ. ಶಿರಿಯ ಹೊಳೆ ಕಡಲು ಸೇರುವ ಅಳಿವೆ ಅಲ್ಲಿದೆ. ಕ್ಯಾಮೆರಾ ಬೇಡ, ಎಂಟು ಪಟ್ಟು ಹತ್ತಿರ ತೋರಿಸುವ ಒಂದು 8x42 ಬೈನಾಕ್ಯುಲರ್ ಸಾಕು.

ಆದರೆ ಗಡಿಯಾರ ನೋಡಿ ಹೊರಡಬೇಡಿ, ನೀರು ನೋಡಿ ಹೊರಡಿ. ಇದನ್ನು ನಾನು ತಡವಾಗಿ ಕಲಿತೆ. ಮೊದಲ ಸಲ ಹೋದದ್ದು ಅಷ್ಟಮಿಯ ಹೊತ್ತಿಗೆ. ಬೆಳಗ್ಗೆ ಆರಕ್ಕೇ ನೀರು ತುಂಬಿ ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ಅರ್ಧ ಮುಳುಗಿದ್ದವು. ಎರಡು ಬೆಳ್ಳಕ್ಕಿ, ಮೇಲೆ ಒಂದು ಗರುಡ, ಅಷ್ಟೇ. ಮರುವಾಯಿ, ಅಂದರೆ ಕೆಸರಿನ ಚಿಪ್ಪು, ಹೆಕ್ಕಲು ಬುಟ್ಟಿ ಹಿಡಿದು ಬಂದಿದ್ದ ಅಕ್ಕ ಒಬ್ಬರು ನನ್ನನ್ನು ನೋಡಿ, "ಈಗ ಎಂತ ಕಾಣ್ತದೆ? ಹುಣ್ಣಿಮೆಗೆ ಬನ್ನಿ, ಬೆಳಗ್ಗೆ ಕೆಸರು ಬಿಡ್ತದೆ. ಹಕ್ಕಿಗಳೂ ನಮ್ಮ ಹಾಗೆಯೇ, ಇಳಿತಕ್ಕೆ ಕಾಯ್ತವೆ" ಅಂದರು.

ಅವರು ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನಸುಕಿಗೆ ಇಳಿತ, ಮಧ್ಯಾಹ್ನದ ಹತ್ತಿರ ಭರತ. ಇಳಿತವೂ ಜಾಸ್ತಿ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ತಡವಾಗುತ್ತಾ ಹೋಗುತ್ತದೆ. ಹೊರಡುವ ಮೊದಲು ಮೊಬೈಲ್‌ನಲ್ಲಿ ಭರತ, ಇಳಿತದ ಹೊತ್ತು ಒಮ್ಮೆ ನೋಡಿಕೊಳ್ಳಿ. ಕೆಸರಿನಲ್ಲಿ ಹುಳ, ಏಡಿ, ಚಿಪ್ಪು ಇರುತ್ತದೆ. ಹಕ್ಕಿಗಳು ಬರುವುದೇ ಅದಕ್ಕೆ.

ಹುಣ್ಣಿಮೆಯ ಮರುದಿನ ಪುನಃ ಹೋದೆ. ಸೂರ್ಯ ಬೆನ್ನಿಗೆ ಇರುವ ಹಾಗೆ, ಕಡಲಿನ ಕಡೆ ಮುಖ ಮಾಡಿ ಒಂದೇ ಕಡೆ ಕೂತೆ. ನೀವೂ ಹಾಗೇ ಮಾಡಿ. ಹಕ್ಕಿಯ ಹಿಂದೆ ಹೋದರೆ ಅದು ಹಾರುತ್ತದೆ. ಸುಮ್ನೆ ಕೂತರೆ ಏರುವ ನೀರೇ ಅವನ್ನು ನಿಮ್ಮ ಹತ್ತಿರಕ್ಕೆ ತಳ್ಳುತ್ತದೆ. ಮೊದಲು ಬಂದದ್ದು ಸ್ಯಾಂಡ್ ಪ್ಲವರ್‌ಗಳು. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಕುಕ್ಕುವುದು. ಅಂಗೈಯಲ್ಲಿ ಹಿಡಿಸುವಷ್ಟು ದೇಹ. ಲಡಾಖ್, ಟಿಬೆಟ್‌ನ ಎತ್ತರದಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಹೊಳೆಬಾಯಿಗೆ ಬರುತ್ತವೆ. ಅಕ್ಟೋಬರ್ ಅಂದರೆ ಆಗಷ್ಟೇ ಬಂದಿಳಿದ ಸಮಯ. ಆ ವರ್ಷವೇ ಹುಟ್ಟಿದ ಮರಿಗಳೂ ಇರುತ್ತವೆ. ಅದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಬಾಲ ಕುಣಿಸುತ್ತಾ ದಡದಲ್ಲೇ ನಡೆದರೆ ಕಾಮನ್ ಸ್ಯಾಂಡ್‌ಪೈಪರ್. ಉದ್ದ ಕಾಲು, ಸ್ವಲ್ಪ ಮೇಲಕ್ಕೆ ಬಾಗಿದ ಕೊಕ್ಕು, ಹಾರುವಾಗ 'ಟ್ಯೂ ಟ್ಯೂ ಟ್ಯೂ' ಅಂದರೆ ಗ್ರೀನ್‌ಶ್ಯಾಂಕ್. ಕೊಕ್ಕು ಕೆಳಕ್ಕೆ ಕುಡುಗೋಲಿನಂತೆ ಬಾಗಿದ್ದರೆ ವಿಂಬ್ರೆಲ್. ಕೊಕ್ಕು ಇನ್ನೂ ತುಂಬಾ ಉದ್ದವಿದ್ದರೆ ಕರ್ಲ್ಯೂ. ಮಿಂಚುಳ್ಳಿ, ನೀರುಕಾಗೆಗಳನ್ನು ಹುಡುಕುವುದೇ ಬೇಡ, ಕಂಡೇ ಕಾಣುತ್ತವೆ.

ಮೇಲೆಯೂ ಕಣ್ಣಿಡಿ. ಬಿಳಿಹೊಟ್ಟೆಯ ಕಡಲಹದ್ದು ಬಂದರೆ ಕೆಸರಿನಲ್ಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. ಅಗಲ ರೆಕ್ಕೆ, ಚಿಕ್ಕ ಬಾಲ, ಬೂದು ಬಿಳಿ ಮೈ. 2023ರಲ್ಲಿ ಇದನ್ನೇ ಕಾಸರಗೋಡು ಜಿಲ್ಲೆಯ ಹಕ್ಕಿ ಅಂತ ಘೋಷಿಸಿದರು. ಕಡಲ ಹತ್ತಿರದ ಎತ್ತರದ ಮರಗಳಲ್ಲಿ ಗೂಡು ಕಟ್ಟುತ್ತದೆ, ಅದೇ ಗೂಡಿಗೆ ವರ್ಷ ವರ್ಷ ಬರುತ್ತದೆ. ಈ ತಿಂಗಳುಗಳಲ್ಲಿ ಗೂಡು ಸರಿಮಾಡುವ ಕೆಲಸ ನಡೆಯುವುದರಿಂದ, ಕಂಡರೂ ಮರದ ಬುಡಕ್ಕೆ ಹೋಗಬೇಡಿ. ಜಾಗವನ್ನು ಊರಿಗೆಲ್ಲ ಹೇಳಲೂ ಬೇಡಿ, ದಯವಿಟ್ಟು.

ಕೆಸರಿಗೆ ಇಳಿಯಬೇಡಿ, ಕೆಲವು ಕಡೆ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಹುಣ್ಣಿಮೆಯ ಆಸುಪಾಸಿನ ದಿನವಾದರೆ ಒಂಬತ್ತೂವರೆ ಹೊತ್ತಿಗೆ ಕೊನೆಯ ಮರಳ ದಿಬ್ಬವೂ ಮುಳುಗುತ್ತಾ ಬಂದು, ಹಕ್ಕಿಗಳೆಲ್ಲ ಅದರ ಮೇಲೆ ಒತ್ತಾಗಿ ನಿಲ್ಲುತ್ತವೆ. ಆ ಹತ್ತು ನಿಮಿಷ ಮಾತ್ರ ಎಲ್ಲಿಗೂ ಏಳಬೇಡಿ. ಆಮೇಲೆ ಪೇಟೆಯಲ್ಲಿ ತಿಂಡಿ ತಿಂದು ಹೊರಡಿ. ಸಂಜೆಗೆ ಗುಡುಗು ಮಳೆ ಬರುವ ತಿಂಗಳು ಇದು, ಅಲ್ವಾ?