ಗಾಳಿ ತಿರುಗಿದರೂ ರನ್‌ವೇ ಬದಲಾಗದಿದ್ದರೆ

ಪ್ರಶ್ನೆ: ಸರ್, ನಮಸ್ಕಾರ. ನಾನು ಬೀದರಿನ ನೌಬಾದಿನವನು, ಡಿಪ್ಲೊಮಾ ಓದುತ್ತಿದ್ದೇನೆ. ವಿಮಾನ ಹಾರಿಸುವ ಕಂಪ್ಯೂಟರ್ ಆಟ ಎಕ್ಸ್-ಪ್ಲೇನ್ 12ಕ್ಕಾಗಿ ನಮ್ಮೂರ ವಿಮಾನ ನಿಲ್ದಾಣವನ್ನು, ಅದರ ನಿಲ್ದಾಣಗಳನ್ನು ರೂಪಿಸುವ ವರ್ಲ್ಡ್ ಎಡಿಟರ್ ತಂತ್ರಾಂಶದಲ್ಲಿ ತಿದ್ದುತ್ತಿದ್ದೇನೆ. ಇಲ್ಲಿ 08/26 ಮತ್ತು 02/20 ಅಂತ ಎರಡು ರನ್‌ವೇ ಇವೆ. ಗಾಳಿ ಯಾವ ಕಡೆಯಿಂದ ಬೀಸಲಿ, ಎಐ ವಿಮಾನಗಳು (ಆಟವೇ ತಾನಾಗಿ ಹಾರಿಸುವಂಥವು) 08ರಿಂದಲೇ ಏರುತ್ತವೆ, 08ಕ್ಕೇ ಇಳಿಯುತ್ತವೆ. 02/20 ಸದಾ ಖಾಲಿ. ಯಾವ ಗಾಳಿಗೆ ಯಾವ ರನ್‌ವೇ ಅಂತ ಆಟಕ್ಕೆ ಹೇಳುವ ಫ್ಲೋಗಳನ್ನು ಐದು ಬರೆದಿದ್ದೇನೆ, ಆ ಪಟ್ಟಿ ಕಳಿಸಿದ್ದೇನೆ. ಇನ್ನೊಂದು ಕೇಳಬೇಕಿತ್ತು: ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರುವ ಹಾಗೆ ಮಾಡಬಹುದಾ?
— ಒಬ್ಬ ಓದುಗ, ಬೀದರ್

ಉತ್ತರ: ತಮ್ಮಾ, ತಪ್ಪು ನಿನ್ನ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ‘ಸಾಮಾನ್ಯ’ ಅಂತ ಹೆಸರಿಟ್ಟ ಫ್ಲೋ ಎಲ್ಲಕ್ಕಿಂತ ಮೇಲಿದೆ, ಅದರೊಳಗೆ ಗಾಳಿಯ ನಿಯಮವೇ ಇಲ್ಲ. ಎಕ್ಸ್-ಪ್ಲೇನ್ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ, ಮೊದಲು ಹೊಂದಿದ ಫ್ಲೋ ಹಿಡಿದು ಅಲ್ಲೇ ನಿಲ್ಲುತ್ತದೆ. ನಿಯಮವಿಲ್ಲದ ಫ್ಲೋ ಎಲ್ಲ ಗಾಳಿಗೂ ಹೊಂದುತ್ತದೆ. ಕೆಳಗೆ ನೀನು ಅಷ್ಟು ಶ್ರಮಪಟ್ಟು ಬರೆದ ನಾಲ್ಕರ ತನಕ ಅದು ಬರುವುದೇ ಇಲ್ಲ.

ಪಟ್ಟಿ ಬಿಟ್ಟು ಮೊದಲು ಗಾಳಿಯ ಲೆಕ್ಕ ನೋಡೋಣ, ಇದು ನನಗೆ ಬಹಳ ಪ್ರೀತಿಯ ವಿಷಯ. ಇಲ್ಲಿ ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಸೈನ್ 30 ಅಂದರೆ ಅರ್ಧ ಅಂತ ಹೇಳಿಕೊಡುತ್ತೇನೆ, ಅದು ಎಲ್ಲಿಗೆ ಬರುತ್ತದೆ ಅಂತ ಅವರು ಕೇಳುತ್ತಾರೆ. ಇಲ್ಲಿಗೆ ಬರುತ್ತದೆ. ಗಾಳಿಯ ವೇಗವನ್ನು ರನ್‌ವೇಗೂ ಗಾಳಿಗೂ ನಡುವಿನ ಕೋನದ ಸೈನ್‌ನಿಂದ ಗುಣಿಸಿದರೆ ಅಡ್ಡಗಾಳಿ ಸಿಗುತ್ತದೆ. 200 ಡಿಗ್ರಿಯಿಂದ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿ ಇದೆ ಅನ್ನು. ರನ್‌ವೇ ಸಂಖ್ಯೆಯ ಮುಂದೆ ಒಂದು ಸೊನ್ನೆ ಹಾಕಿದರೆ ಅದರ ದಿಕ್ಕು ಡಿಗ್ರಿಯಲ್ಲಿ ಸಿಗುತ್ತದೆ, 26 ಅಂದರೆ 260. ಹಾಗಾಗಿ 26ರಲ್ಲಿ ಇಳಿಯುವವನಿಗೆ ಕೋನ 60 ಡಿಗ್ರಿ, ಅಡ್ಡಗಾಳಿ ಸುಮಾರು 17 ನಾಟ್. 20ರಲ್ಲಿ ಇಳಿಯುವವನಿಗೆ ಸೊನ್ನೆ, ಗಾಳಿ ನೇರ ಮೂಗಿಗೇ. ಕಲಬುರಗಿಯಲ್ಲಿ ನಮಗೆ ಈ ಆಯ್ಕೆ ಇಲ್ಲ. ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ 09/27 ಒಂದೇ ರನ್‌ವೇ, ಉದ್ದ 3175 ಮೀಟರ್. ಆಷಾಢದಲ್ಲಿ ನೈರುತ್ಯದಿಂದ ಅದೇ 20 ನಾಟ್ ಬೀಸಿದರೆ 27ಕ್ಕೆ 14 ನಾಟ್ ಅಡ್ಡಗಾಳಿ. ಅಂಥ ದಿನ ಇಳಿಯುವ ವಿಮಾನವನ್ನು ದಿಟ್ಟಿಸಿ ನೋಡು: ಮೂಗು ರನ್‌ವೇ ಕಡೆ ನೆಟ್ಟಗಿರುವುದಿಲ್ಲ, ತುಸು ಎಡಕ್ಕೆ, ಗಾಳಿ ಬರುವ ಕಡೆಗೆ ತಿರುಗಿರುತ್ತದೆ. ನೆಲ ಮುಟ್ಟುವ ಹೊತ್ತಿಗೆ ಪೈಲಟ್ ಅದನ್ನು ನೆಟ್ಟಗೆ ಮಾಡುತ್ತಾನೆ. ನಿಮ್ಮೂರಲ್ಲಿ ಎರಡು ದಿಕ್ಕು ಇವೆ, ನಾಲ್ಕು ತುದಿ ಇವೆ. ಅದು ದೊಡ್ಡ ಅನುಕೂಲ, ಆಟದಲ್ಲೂ ಕಾಣಬೇಕು.

ಹಾಗಾದರೆ ಯಾವ ಗಾಳಿ ಯಾವ ತುದಿಗೆ? ಅಕ್ಕಪಕ್ಕದ ಎರಡು ದಿಕ್ಕುಗಳ ನಡುಮಧ್ಯೆ ಗಡಿ ಹಾಕು. 20 ಮತ್ತು 26 ಅಂದರೆ 200 ಮತ್ತು 260, ನಡುವೆ 230. 08 ಮತ್ತು 20ರ ನಡುವೆ 140. 02 ಮತ್ತು 08ರ ನಡುವೆ 50. 26 ಮತ್ತು 02ರ ನಡುವೆ, ಉತ್ತರ ಸುತ್ತಿ ಬಂದರೆ, 320. ಪ್ರತಿ ತುದಿಗೂ ಸರಿಯಾಗಿ 90 ಡಿಗ್ರಿ ಪಾಲು ಬಂತು. ನೀನು ಪಟ್ಟಿಯಲ್ಲಿ 26ಕ್ಕೆ 180ರಿಂದ 360 ಕೊಟ್ಟಿದ್ದೀಯ. ಅದು ಒಂದೇ ರನ್‌ವೇ ಇರುವ ಊರಿನ ಲೆಕ್ಕ. ಹಾಗೆ ಕೊಟ್ಟರೆ 20ಕ್ಕೆ ಸಲ್ಲಬೇಕಾದ ಗಾಳಿಯನ್ನೂ 26 ನುಂಗುತ್ತದೆ.

ಈಗ ಪಟ್ಟಿ. ಎಲ್ಲಕ್ಕಿಂತ ಮೇಲೆ ‘ಶಾಂತ ಗಾಳಿ’ ಇರಲಿ: ದಿಕ್ಕು 0ಯಿಂದ 359, ಗರಿಷ್ಠ ವೇಗ 5 ನಾಟ್, ರನ್‌ವೇ ನಿನಗೆ ಬೇಕಾದ್ದು. ಅದರ ಕೆಳಗೆ 26ಕ್ಕೆ 230ರಿಂದ 320, ಆಮೇಲೆ 20ಕ್ಕೆ 140ರಿಂದ 230, ಆಮೇಲೆ 08ಕ್ಕೆ 50ರಿಂದ 140. ಈ ಮೂರರಲ್ಲೂ ಗರಿಷ್ಠ ವೇಗಕ್ಕೆ 99 ಹಾಕು. ನೀನು 15 ಹಾಕಿದ್ದೀಯ, ಹಾಗಿದ್ದರೆ ಜೋರು ಗಾಳಿಯ ದಿನವೇ, ಅಡ್ಡ ರನ್‌ವೇ ನಿಜವಾಗಿ ಬೇಕಾದ ದಿನವೇ, ಫ್ಲೋ ಕೈಕೊಡುತ್ತದೆ. ಕೊನೆಯದು 02, ಅದಕ್ಕೆ ಗಾಳಿಯ ನಿಯಮ ಬೇಡ. ಮೇಲಿನ ಯಾವುದಕ್ಕೂ ಸಿಗದೆ ಉಳಿದದ್ದು ಉತ್ತರದ ಗಾಳಿ ಮಾತ್ರ, ಅದು ತಾನಾಗಿ ಇಲ್ಲಿಗೆ ಬಂದು ಬೀಳುತ್ತದೆ. ಮೋಡದ ಎತ್ತರ, ಗೋಚರತೆ ಎರಡರ ಕನಿಷ್ಠ ಮಿತಿಯನ್ನೂ ಸೊನ್ನೆ ಬಿಡು.

ಪ್ರತಿ ಫ್ಲೋ ಒಳಗಿನ ರನ್‌ವೇ ಬಳಕೆಯಲ್ಲಿ ವಿಮಾನದ ಬಗೆಗಳಿಗೆ ಟಿಕ್ ಹಾಕುವ ಜಾಗ ಇದೆ, ಅಲ್ಲಿ ಕಣ್ಣಿಡು. 20ರಲ್ಲಿ ನೀನು ಜೆಟ್ ಒಂದಕ್ಕೇ ಟಿಕ್ ಹಾಕಿದ್ದೀಯ. 2020ರಲ್ಲಿ ಬೀದರಿನ ನಾಗರಿಕ ಟರ್ಮಿನಲ್‌ಗೆ ಮೊದಲು ಬಂದದ್ದೇ ಎಟಿಆರ್ 72, ಅದು ಜೆಟ್ ಅಲ್ಲ, ಪ್ರೊಪೆಲರ್ ಇರುವ ಟರ್ಬೊಪ್ರಾಪ್. ವಾಯುಪಡೆಯ ಹಾಕ್ ತರಬೇತಿ ವಿಮಾನ ಎಐ ಆಗಿ ಹಾರಬೇಕಾದರೆ ಫೈಟರ್ ಟಿಕ್ಕೂ ಬೇಕು. ಹಾಕ್‌ಗಳಲ್ಲೇ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯಲ್ಲಿ ಹಾಕ್‌ಗೆ ರನ್‌ವೇ ಇಲ್ಲ ಅಂದರೆ ಹೇಗೆ?

ಇಳಿಯುವುದು ಒಂದರಲ್ಲಿ, ಏರುವುದು ಇನ್ನೊಂದರಲ್ಲಿ ಆಗುತ್ತದೆ. ಒಂದೇ ಫ್ಲೋ ಒಳಗೆ ಎರಡು ರನ್‌ವೇ ಬಳಕೆ ಇಟ್ಟು, ಒಂದಕ್ಕೆ ಆಗಮನ, ಇನ್ನೊಂದಕ್ಕೆ ನಿರ್ಗಮನ ಅಂತ ಕೊಡು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಶ್ಚಿಮದ ಗಾಳಿ ಇದ್ದಾಗ ಇದೇ ಕ್ರಮ: ಇಳಿಯುವವರಿಗೆ 28ರ ಜೋಡಿ, ಏರುವವರಿಗೆ 01ರ ಜೋಡಿ. ಅಲ್ಲಿನ ದಟ್ಟಣೆಗೆ ಅದು ಬೇಕು. ಮುಂಬೈಯಲ್ಲಿ 09/27 ಮತ್ತು 14/32 ಒಂದನ್ನೊಂದು ಕತ್ತರಿಸುವುದರಿಂದ ಸಾಮಾನ್ಯವಾಗಿ ಒಂದರಲ್ಲೇ ಕೆಲಸ ನಡೆಯುತ್ತದೆ. ಬೀದರಿಗೆ ನನ್ನ ಸಲಹೆ: ಒಂದು ಹೊತ್ತಿಗೆ ಒಂದೇ ರನ್‌ವೇ.

ನೀನು ಕೇಳದ ಒಂದು ಮಾತು ಹೇಳಲೇಬೇಕು. ನಿನ್ನ ಕಡತದಲ್ಲಿ 02/20ಕ್ಕೆ ತಾಗುವ ಟ್ಯಾಕ್ಸಿ ಗೆರೆಗಳಿಗೆ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿಗಳಿಗೆ, ಹಾಟ್ ಜೋನ್ ಗುರುತೇ (ರನ್‌ವೇ ಬಳಕೆಯಲ್ಲಿದ್ದರೆ ಕಾಯಬೇಕು ಅನ್ನುವ ಗುರುತು) ಇಲ್ಲ. ಇಷ್ಟು ದಿನ ಆ ರನ್‌ವೇ ಖಾಲಿ ಇದ್ದದ್ದರಿಂದ ಅದು ನಿನಗೆ ಕಾಣಿಸಿಲ್ಲ. ಫ್ಲೋ ಸರಿಯಾದ ದಿನವೇ ತೊಂದರೆ ಶುರುವಾಗುತ್ತದೆ: ಒಂದು ವಿಮಾನ 20ಕ್ಕೆ ಇಳಿಯುತ್ತಿರುವಾಗ ಇನ್ನೊಂದು ತಡೆಯಿಲ್ಲದೆ ಅದರ ಮುಂದೆ ದಾಟುತ್ತದೆ. ರನ್‌ವೇ ಹತ್ತಿರದ ಪ್ರತಿ ತುಂಡು ಗೆರೆಯನ್ನೂ ಆರಿಸಿ, ಆಗಮನ ಮತ್ತು ನಿರ್ಗಮನ ಎರಡೂ ಕಡೆ 02, 20 ಎರಡನ್ನೂ ಗುರುತಿಸು. ಬೇಸರದ ಕೆಲಸ, ಆದರೆ ಬಿಡಬೇಡ.

ಪರೀಕ್ಷೆ ಮಾಡುವಾಗ ನಿಜ ಹವಾಮಾನದ ಆಯ್ಕೆಯನ್ನು ಆಫ್ ಮಾಡಿ, ಗಾಳಿಯನ್ನು ಕೈಯಿಂದ 200, 260, 80, 20 ಅಂತ ಒಂದೊಂದಾಗಿ ಕೊಟ್ಟು ನಿಲ್ದಾಣವನ್ನು ಮತ್ತೆ ತೆರೆ. ಎಐ ವಿಮಾನ ನಾಲ್ಕೈದು ಸಾಕು. ಎಕ್ಸ್-ಪ್ಲೇನ್ ಪ್ರತಿಯೊಂದನ್ನೂ ನಿನ್ನ ವಿಮಾನದ ಹಾಗೆಯೇ ಪೂರ್ತಿ ಲೆಕ್ಕ ಹಾಕಿ ಹಾರಿಸುತ್ತದೆ, ಹೆಚ್ಚು ಹಾಕಿದರೆ ಕಂಪ್ಯೂಟರ್ ತೆವಳುತ್ತದೆ. 200ಕ್ಕೆ ಇಟ್ಟಾಗ 20ರ ತುದಿಯಲ್ಲಿ ಸಾಲು ನಿಂತರೆ ತಿದ್ದಿದ ಕಡತವನ್ನು ನನಗೂ ಕಳಿಸು, ನಾನೂ ಒಮ್ಮೆ ಇಳಿದು ನೋಡುತ್ತೇನೆ.