ಓದುಗರ ಪ್ರಶ್ನೆ: ಕೋಳಿಗೆ 78, ಟರ್ಕಿಗೆ 80, ಹೆಚ್ಚಿನ ಎರಡು ಎಲ್ಲಿಂದ ಬಂದವು?

ಪ್ರಶ್ನೆ: ಕೋಳಿಯ ಜೀವಕೋಶದಲ್ಲಿ 78 ವರ್ಣತಂತುಗಳು, ಟರ್ಕಿ ಹಕ್ಕಿಯಲ್ಲಿ 80 ಎಂದು ಓದಿದೆ. ಆ ಎರಡು ಹೊಸದಾಗಿ ಹುಟ್ಟಿಕೊಂಡವೇ?

ಉತ್ತರ: ಇಲ್ಲ, ಇದ್ದದ್ದೇ ಒಡೆದಿದೆ, ಇದ್ದದ್ದೇ ಕೂಡಿದೆ. ಕೋಳಿಯ 2ನೇ ವರ್ಣತಂತು ಟರ್ಕಿಯಲ್ಲಿ 3 ಮತ್ತು 6 ಆಗಿ ಹಂಚಿಹೋಗಿದೆ. ಕೋಳಿಯ 4ನೆಯದು ಅಲ್ಲಿ 4 ಮತ್ತು 9. ಯಾವುದು ಹಳೆಯ ರೂಪ ಎಂಬುದನ್ನು ಈ ಎರಡೇ ಹಕ್ಕಿಗಳನ್ನು ನೋಡಿ ಹೇಳಲಾಗದು. ದೂರದ ಬಳಗದ ಮೂರನೆಯದೊಂದು ಬೇಕು. ಉಷ್ಟ್ರಪಕ್ಷಿ, ಎಮುಗಳಲ್ಲಿ 2ನೆಯದು ಇಡಿಯಾಗಿದೆ, 4ನೆಯದರ ಎರಡು ತುಂಡುಗಳು ಬೇರೆಬೇರೆಯಾಗಿವೆ. ಹಾಗಾಗಿ 2 ಒಡೆದದ್ದು ಟರ್ಕಿಯ ಕವಲಿನಲ್ಲಿ, 4 ಬೆಸೆದದ್ದು ಕೋಳಿಯ ಕವಲಿನಲ್ಲಿ.

ಇಲ್ಲಿ ಒಂದು ಲೆಕ್ಕ ಗಮನಿಸಿ. ವರ್ಣತಂತುಗಳು ಜೋಡಿಯಾಗಿರುವುದರಿಂದ ಒಂದೊಂದು ವ್ಯತ್ಯಾಸವೂ ಟರ್ಕಿಗೆ ಎರಡನ್ನು ಕೂಡಿಸುತ್ತದೆ, ಹಾಗಾಗಿ ಈ ಎರಡರಿಂದಲೇ ಟರ್ಕಿಗೆ 82 ಆಗಬೇಕಿತ್ತು. 80 ಸರಿಯಾದರೆ, ಸಣ್ಣ ವರ್ಣತಂತುಗಳಲ್ಲಿ ಎಲ್ಲೋ ಒಂದು ಬೆಸುಗೆ ಆಗಿರಲೇಬೇಕು. ಎಣಿಕೆಯೊಂದನ್ನೇ ನಂಬಿದರೆ ಮೂರು ಬದಲಾವಣೆ ಒಂದಾಗಿ ಕಾಣುತ್ತದೆ!

ಪ್ರಶ್ನೆ: ಪ್ರಯೋಗಾಲಯದಲ್ಲಿ ಇದನ್ನು ಹೋಲಿಸುವುದು ಹೇಗೆ? ನಮ್ಮ ಸ್ಲೈಡಿನಲ್ಲಿ ಬರೀ ಚುಕ್ಕೆಗಳು ಕಾಣುತ್ತವೆ.

ಉತ್ತರ: ಚುಕ್ಕೆಗಳು ಕಾಣುವುದು ಸಹಜ. ಹಕ್ಕಿಗಳಲ್ಲಿ ಹೆಚ್ಚಿನವು ಸೂಕ್ಷ್ಮ ವರ್ಣತಂತುಗಳು. ಕೋಳಿಯಲ್ಲಿ ಸುಮಾರು 30 ಜೋಡಿ. ಆದರೆ ದೊಡ್ಡವೂ ಮೊಂಡು ತುಂಡುಗಳಂತೆ ಕಂಡರೆ ಕಾಲ್ಸೆಮಿಡ್ (ಕೋಶ ವಿಭಜನೆಯನ್ನು ನಡುವೆಯೇ ತಡೆದು ನಿಲ್ಲಿಸುವ ರಾಸಾಯನಿಕ) ಹೆಚ್ಚು ಹೊತ್ತು ಉಳಿದಿದೆ ಎಂದರ್ಥ. ಭ್ರೂಣದ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಿಗೆ ಮಿಲಿಲೀಟರಿಗೆ 0.1 ಮೈಕ್ರೋಗ್ರಾಮ್, ಒಂದು ಗಂಟೆ ಸಾಕು. ನಂತರ ಕೋಶ ಉಬ್ಬಲು 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ 37 ಡಿಗ್ರಿಯಲ್ಲಿ 15–20 ನಿಮಿಷ. ಕಡಿಮೆಯಾದರೆ ವರ್ಣತಂತುಗಳು ಒಂದರ ಮೇಲೊಂದು ಬೀಳುತ್ತವೆ. ಹೆಚ್ಚಾದರೆ ಕೋಶ ಮೊದಲೇ ಒಡೆದು ಸಣ್ಣವು ಚದುರಿ ಕಳೆದುಹೋಗುತ್ತವೆ. ಆಮೇಲೆ ಕೋಶಗಳನ್ನು ಸ್ಥಿರಗೊಳಿಸುವ ದ್ರವ: ಮೆಥನಾಲ್ ಮೂರು ಪಾಲು, ಅಸಿಟಿಕ್ ಆಮ್ಲ ಒಂದು ಪಾಲು. ಇದನ್ನು ಪ್ರತಿಸಲ ಹೊಸದಾಗಿ ಬೆರೆಸಿ, ಮೂರು ಬಾರಿ ಬದಲಿಸಿ. ಈ ಬದಲಾವಣೆಯಲ್ಲಿ ಅವಸರಪಟ್ಟರೆ ಕೋಶರಸದ ಮಬ್ಬು ಉಳಿದು ಹೊಳಪಿನ ತನಿಖೆತುಣುಕು (ಹೊಳೆಯುವ ಬಣ್ಣ ಹಚ್ಚಿದ, ತನಗೆ ಹೊಂದುವ ಅನುಕ್ರಮಕ್ಕೆ ಅಂಟುವ ಡಿಎನ್‌ಎ ತುಣುಕು) ಒಳಗೆ ಇಳಿಯುವುದಿಲ್ಲ.

ಕೋಳಿಯ ಡಿಎನ್‌ಎ ತುಣುಕನ್ನು ಟರ್ಕಿಯ ಸ್ಲೈಡಿಗೆ ಕೂಡಿಸುವಾಗ ಒಂದು ರಾತ್ರಿಯ ಬದಲು ಎರಡು ರಾತ್ರಿ ಬಿಡಿ, ತೊಳೆತ ತುಸು ಮೃದುವಾಗಿರಲಿ: ಅನುಕ್ರಮ ಪೂರ್ತಿ ಹೊಂದುವುದಿಲ್ಲವಾದ್ದರಿಂದ ಬಿರುಸಿನ ತೊಳೆತ ಬಂಧವನ್ನೇ ಬಿಡಿಸುತ್ತದೆ. ಇಡೀ ವರ್ಣತಂತುವಿಗೆ ಬಣ್ಣ ಬಳಿದರೆ ಒಡೆದದ್ದು, ಬೆಸೆದದ್ದು ಕಾಣುತ್ತದೆ. ಒಳಗೇ ತಿರುಗುಮುರುಗಾದದ್ದು ಕಾಣುವುದಿಲ್ಲ. ಅದಕ್ಕೆ ಒಂದೇ ವರ್ಣತಂತುವಿನ ಮೂರು ಗುರುತುಗಳನ್ನು ಬೇರೆಬೇರೆ ಬಣ್ಣದಲ್ಲಿ ಹಾಕಿ ಅವುಗಳ ಸಾಲನ್ನು ಓದಬೇಕು.

ಪ್ರಶ್ನೆ: ಗಂಡೋ ಹೆಣ್ಣೋ, ಯಾವುದರ ಮಾದರಿ?

ಉತ್ತರ: ಹೆಣ್ಣು. ಲಿಂಗ ನಿರ್ಧರಿಸುವ ವರ್ಣತಂತುಗಳನ್ನು ನೋಡಿದರೆ ಹಕ್ಕಿಗಳಲ್ಲಿ ಹೆಣ್ಣು ಝಡ್‌ಡಬ್ಲ್ಯೂ, ಗಂಡು ಝಡ್‌ಝಡ್. ಗಂಡನ್ನೇ ತೆಗೆದರೆ ಡಬ್ಲ್ಯೂ ವರ್ಣತಂತು ಹೋಲಿಕೆಗೇ ಬರುವುದಿಲ್ಲ.